ಗಾಯಕರ ಎಡಗಡೆಯ ಪೇಟಿ

ಸಂಗೀತದ ಬೈಠಕ್ಕಿನಲ್ಲಿ ಕುಳಿತುಕೊಳ್ಳುವುದಕ್ಕೂ ಒಂದು ಕ್ರಮವಿದೆ. ನಡುವೆ ಗಾಯಕರು, ಅವರ ಬೆನ್ನ ಹಿಂದೆ ತಂಬೂರಿ ಹಿಡಿದ ಶಿಷ್ಯರು, ಬಲಗಡೆಗೆ ತಬಲಾ, ಎಡಗಡೆಗೆ ಪೇಟಿ. ಗಾಯಕರು ಆಲಾಪದ ಒಂದು ಎಳೆಯನ್ನು ಬಿಟ್ಟು ಉಸಿರು ತೆಗೆದುಕೊಳ್ಳುವಾಗಲೂ ಸಭೆಯ ಕಣ್ಣು ಅವರ ಮುಖದ ಮೇಲೆಯೇ ಇರುತ್ತದೆ. ಆ ಕ್ಷಣದಲ್ಲಿ ಸ್ವರವು ಮುರಿದುಬೀಳದೆ ಹಾಗೆಯೇ ನಿಂತಿದೆಯಲ್ಲ, ಅದನ್ನು ಎತ್ತಿ ಹಿಡಿದವರು ಯಾರೆಂದು ವಿಚಾರಿಸುವವರು ವಿರಳ. ಮರುದಿನದ ವೃತ್ತಪತ್ರಿಕೆಯಲ್ಲಿ ಗಾಯಕರಿಗೆ ಒಂದು ಕಾಲಂ. ತಬಲಾದವರಿಗೆ ಒಂದು ವಾಕ್ಯ. ಪೇಟಿಯವರಿಗೆ ಆ ವಾಕ್ಯದ ಕೊನೆಯ ಅರ್ಧ. ‘ಸಮರ್ಥವಾಗಿ ಸಾಥ್ ನೀಡಿದರು’ ಎಂದರೆ ಮುಗಿಯಿತು.

ಆ ಅರ್ಧ ವಾಕ್ಯದಲ್ಲಿಯೇ ಸುಮಾರು ಎಪ್ಪತ್ತು ವರ್ಷಗಳ ಕಾಲ ಬಾಳಿ, ಅದರೊಳಗೆ ಒಂದು ದೊಡ್ಡ ವಿದ್ಯೆಯನ್ನು ಅಡಗಿಸಿಟ್ಟವರು ರಾಮ ಕಲ್ಲೋ ಬಿಜಾಪುರೆ. ಜನರ ಬಾಯಲ್ಲಿ ಅವರು ರಾಮಭಾವು. ಕನ್ನಡದವರು ಬಿಜಾಪುರೆ ಎಂದರೆ ಮರಾಠಿಯವರು ವಿಜಾಪುರೆ ಎಂದರು. ಎರಡೂ ಭಾಷೆಯವರಿಗೆ ಒಮ್ಮತವಿದ್ದುದು ಹಿಂದಿನಿಂದ ಸೇರಿಸುವ ‘ಮಾಸ್ತರ’ ಎಂಬ ಶಬ್ದದಲ್ಲಿ ಮಾತ್ರ.

ಅವರು ಹುಟ್ಟಿದ್ದು 1917ನೆಯ ಇಸವಿ ಜನವರಿ 7ರಂದು, ಕಾಗವಾಡದಲ್ಲಿ. ಈ ಊರು ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿದೆ. ಬಹುಕಾಲ ಅಥಣಿ ತಾಲೂಕಿಗೆ ಸೇರಿದ್ದ ಈ ಭಾಗ ಈಗ ಕಾಗವಾಡವೆಂಬ ಪ್ರತ್ಯೇಕ ತಾಲೂಕಾಗಿದೆ. ಇದೇ ತಾಲೂಕಿನ ಜುಗೂಳದಲ್ಲಿ ಕೃಷ್ಣೆಯ ದಂಡೆಯ ಮೇಲೆ ನಿಂತರೆ ಎದುರುದಂಡೆಯಲ್ಲಿ ಖಿದ್ರಾಪುರ. ಅಲ್ಲಿ ಕೋಪೇಶ್ವರನ ಪುರಾತನ ಶಿಲಾದೇಗುಲ. ಖಿದ್ರಾಪುರ ಮಹಾರಾಷ್ಟ್ರಕ್ಕೆ ಸೇರಿದ್ದು, ಆದರೆ ದೇಗುಲದ ಕಲ್ಲುಗಳ ಮೇಲೆ ಹಳಗನ್ನಡದ ಶಾಸನಗಳಿವೆ. ಹೊಳೆಯೊಂದೇ, ಅದು ಉಕ್ಕಿದಾಗ ಎರಡು ದಂಡೆಯನ್ನೂ ಒಂದೇ ಸಮನೆ ಮುಳುಗಿಸುತ್ತದೆ. 2005ರಲ್ಲಿಯೂ 2019ರಲ್ಲಿಯೂ ಜುಗೂಳದ ಜನ ಇದನ್ನು ಕಣ್ಣಾರೆ ಕಂಡರು. ಈ ಹೊಳೆಯ ದಂಡೆಯಲ್ಲಿ ಗಡಿಯೆಂಬುದು ಕಾಗದದ ಮೇಲೆ ಒಂದು ಕಡೆ, ಮಾತಿನಲ್ಲಿ ಇನ್ನೊಂದು ಕಡೆ, ಹಾಡಿನಲ್ಲಿ ಮತ್ತೊಂದು ಕಡೆ ಹರಿಯುತ್ತದೆ.

ಹಾಡಿನ ಮಾತು ಬಂದುದರಿಂದ ಈ ಸೀಮೆಯ ಸುತ್ತಳತೆಯನ್ನು ಒಮ್ಮೆ ನೋಡಿಬಿಡಬೇಕು. ಎತ್ತಿನ ಗಾಡಿಯ ಒಂದೆರಡು ದಿನದ ದಾರಿಯೊಳಗೆ ಹಿಂದೂಸ್ತಾನೀ ಸಂಗೀತದ ಅರ್ಧ ಇತಿಹಾಸವೇ ಇಲ್ಲಿ ಬೀಡುಬಿಟ್ಟಿತ್ತೆಂದರೆ ಅತಿಶಯೋಕ್ತಿ ಎಂದು ವಾಚಕರಿಗೆ ತೋರಬಹುದು. ಹಾಗಾದರೆ ಎಣಿಸೋಣ. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ಹೊತ್ತು ತಂದ ಬಾಲಕೃಷ್ಣಬುವಾ ಇಚಲಕರಂಜಿಯವರು. ಅವರ ಶಿಷ್ಯರಾಗಿ ದೇಶಾದ್ಯಂತ ಸಂಗೀತಶಾಲೆಗಳನ್ನು ತೆರೆದ ವಿಷ್ಣು ದಿಗಂಬರ ಪಲುಸ್ಕರರು ಹುಟ್ಟಿದ್ದು 1872ರಲ್ಲಿ, ಕುರುಂದವಾಡದಲ್ಲಿ. ಕಿರಾಣಾ ಘರಾಣೆಯ ಅಬ್ದುಲ್ ಕರೀಮ ಖಾನರು ನೆಲೆ ನಿಂತದ್ದು ಮಿರಜಿನಲ್ಲಿ. 1937ರಲ್ಲಿ ಅವರು ತೀರಿಕೊಂಡಾಗ ಅವರ ಗೋರಿಯಾದದ್ದೂ ಅಲ್ಲಿಯೇ. ಅದೇ ಮಿರಜಿನ ಕುಶಲಿಗಳು ಕಟ್ಟಿದ ತಂಬೂರಿಗಳು ದೇಶದ ಉದ್ದಗಲಕ್ಕೂ ಹೋದವು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯದಲ್ಲಿ ಅಲ್ಲಾದಿಯಾ ಖಾನರು. ಇಷ್ಟರ ನಡುವೆ ಹುಟ್ಟಿದ ಮಗು ಸಂಗೀತಗಾರನಾದದ್ದು ಆಶ್ಚರ್ಯವಲ್ಲ. ಗಾಯಕನಾಗದೆ ಪೇಟಿಯವನಾದದ್ದು ಕೊಂಚ ಆಶ್ಚರ್ಯವೇ.

ಅದಕ್ಕೆ ಕಾರಣವನ್ನು ಮನೆಯಲ್ಲಿಯೇ ಹುಡುಕಬೇಕು. ತಂದೆ ಕಲ್ಲೋಪಂತರು ವೃತ್ತಿಯಿಂದ ಶಿಕ್ಷಕರು, ಪ್ರವೃತ್ತಿಯಿಂದ ನಾಟಕಕಾರರು; ಹಾಡುಗಳಿಗೆ ಚಾಲು ಹಾಕಬಲ್ಲವರು. ನಾಟಕವೆಂದರೆ ಆ ಕಾಲಕ್ಕೆ ಹಾಡು, ಹಾಡೆಂದರೆ ಪೇಟಿ. ಮರಾಠಿ ಸಂಗೀತ ನಾಟಕಕ್ಕೆ 1880ರಲ್ಲಿ ‘ಶಾಕುಂತಲ’ದಿಂದ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಕೂಡ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರೇ. ಅಲ್ಲಿಂದ ಮುಂದೆ ಮರಾಠಿ ಕಂಪನಿಗಳೂ ಅವನ್ನು ನೋಡಿ ಎದ್ದ ಕನ್ನಡದ ಕಂಪನಿಗಳೂ ಊರೂರಿಗೆ ಡೇರೆ ಹಾಕಿದವು. ಧ್ವನಿವರ್ಧಕವಿಲ್ಲದ ಆ ದಿನಗಳಲ್ಲಿ ಡೇರೆಯ ಕಟ್ಟಕಡೆಯಲ್ಲಿ ನೆಲದ ಮೇಲೆ ಕುಳಿತ ರೈತನಿಗೂ ಸ್ವರ ಮುಟ್ಟಬೇಕಾದರೆ ಸಾರಂಗಿಯ ಸಣ್ಣ ದನಿಯಿಂದ ಆಗುತ್ತಿರಲಿಲ್ಲ. ರಂಗದ ಮುಂದಿನ ಕುಣಿಯಲ್ಲಿ ಕಾಲಿನಿಂದ ತಿದಿ ಒತ್ತುವ ದೊಡ್ಡ ಪೇಟಿ ಬೇಕಾಗುತ್ತಿತ್ತು. ನಟನು ಶ್ರುತಿ ತಪ್ಪಿದರೆ ಎಳೆದು ತರುವವನು, ಮಾತು ಮರೆತರೆ ಹಾಡಿನ ಎತ್ತುಗಡೆಯನ್ನು ಇನ್ನೊಮ್ಮೆ ನುಡಿಸಿ ಕಾಲ ನೂಕುವವನು, ‘ಒನ್ಸ್ ಮೋರ್’ ಎಂಬ ಕೂಗು ಬಂದಾಗ ನಟನ ದಣಿವನ್ನು ತನ್ನ ಬೆರಳಿಗೆ ತೆಗೆದುಕೊಳ್ಳುವವನು ಪೇಟಿ ಮಾಸ್ತರನೇ. ಇಂಥ ಲೋಕವನ್ನು ಮನೆಯಂಗಳದಿಂದಲೇ ಕಂಡ ಹುಡುಗನ ಕೈ ಆ ಪಟ್ಟಿಗಳ ಮೇಲೆ ಬಿದ್ದದ್ದು ಸಹಜ.

ಆದರೆ ಅವರು ಮೊದಲು ಕಲಿತದ್ದು ಹಾಡುವುದನ್ನು. ಇದು ಮುಖ್ಯ ಸಂಗತಿ. ಅಣ್ಣಿಗೇರಿ ಮಲ್ಲಯ್ಯನವರಲ್ಲಿಯೂ ಮುಂದೆ ರಾಮಕೃಷ್ಣಬುವಾ ವಝೆಯವರಲ್ಲಿಯೂ ಅವರಿಗೆ ಗಾಯನದ ಪಾಠವಾಯಿತು. ಪೇಟಿಯ ಕೈಯನ್ನು ತಿದ್ದಿದವರು ಗೋವಿಂದರಾವ ಗಾಯಕವಾಡರು, ಹಣಮಂತರಾವ ವಾಳವೇಕರರು. ವಝೆಬುವಾ ಎಂದರೆ ಸಾಮಾನ್ಯರಲ್ಲ. ಸಾವಂತವಾಡಿಯ ಕಡೆಯಿಂದ ಬರಿಗಾಲಿನಲ್ಲಿ ಹೊರಟು ಗ್ವಾಲಿಯರಿನ ವಿದ್ಯೆ ಸಂಪಾದಿಸಿಕೊಂಡು ಬಂದವರು. ‘ಲಲಿತಕಲಾದರ್ಶ’ ನಾಟಕ ಮಂಡಳಿಯ ಹಾಡುಗಳಿಗೆ ಅವರು ಹಾಕಿದ ಚಾಲುಗಳು ಮನೆಮನೆಗೆ ಹಬ್ಬಿದ್ದವು. ಅಪರೂಪದ ರಾಗಗಳ ಭಂಡಾರ ಅವರು. 1945ರಲ್ಲಿ ಅವರು ಗತಿಸಿದರು. ಗಂಟಲಿನಿಂದ ಕಲಿತು ಬೆರಳಿಗೆ ಇಳಿಸಿದುದರಿಂದಲೇ ಬಿಜಾಪುರೆಯವರ ಪೇಟಿ ಕೊನೆಯವರೆಗೂ ‘ಹಾಡುವ’ ಪೇಟಿಯಾಗಿ ಉಳಿಯಿತು. ಬರಿಯ ಬೆರಳಿನ ವೇಗದಿಂದ ಚಪ್ಪಾಳೆ ಗಿಟ್ಟಿಸುವ ಪೇಟಿಯವರು ಆಗಲೂ ಇದ್ದರು, ಈಗಲೂ ಇದ್ದಾರೆ.

1938ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಅವರು ಬೆಳಗಾವಿಯಲ್ಲಿ ಶ್ರೀರಾಮ ಸಂಗೀತ ವಿದ್ಯಾಲಯವನ್ನು ತೆರೆದರು. ಆ ವಯಸ್ಸಿನ ಹುಡುಗನೊಬ್ಬ ‘ಮಾಸ್ತರ’ನಾದದ್ದು ಹೀಗೆ. ಬೆಳಗಾವಿ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ದಂಡಿನ ಊರು. ವಕೀಲರು, ಶಿಕ್ಷಕರು, ಸಾವಕಾರರು ಮಕ್ಕಳಿಗೆ ಸಂಗೀತ ಕಲಿಸಬೇಕೆಂಬ ಹಂಬಲ ಹೊಂದಿದ್ದ ಕಾಲ. ಅಂಥ ಮನೆಗಳ ಹೆಣ್ಣುಮಕ್ಕಳು ಗುರುವಿನ ಮನೆಯಲ್ಲಿ ವರ್ಷಗಟ್ಟಲೆ ಸೇವೆ ಮಾಡಿ ವಿದ್ಯೆ ಕಲಿಯುವಂತಿರಲಿಲ್ಲ. ಸಂಜೆ ಒಂದು ಗಂಟೆ ಹೋಗಿ ಬರುವಂಥ ಶಾಲೆ ಅವರಿಗೆ ಬೇಕಾಗಿತ್ತು. ಇಂಥ ಶಾಲೆಗಳಲ್ಲಿ ಪಾಠಕ್ಕೆ ಆಧಾರವಾದದ್ದೂ ಪೇಟಿಯೇ. ಮಗುವಿಗೆ ಷಡ್ಜವೆಲ್ಲಿದೆಯೆಂದು ತೋರಿಸಲು ಇದಕ್ಕಿಂತ ಸುಲಭ ಸಾಧನ ಇನ್ನೊಂದಿಲ್ಲ. ಪಟ್ಟಿಯನ್ನು ಒತ್ತಿದರಾಯಿತು.

ಎರಡು ವರ್ಷ ಕಳೆಯುವುದರೊಳಗೆ ಆ ಸುಲಭ ಸಾಧನದ ಮೇಲೆ ಸರಕಾರದ ಬಹಿಷ್ಕಾರ ಬಿತ್ತು.

1940ರ ಮಾರ್ಚ್ 1ರಿಂದ ಆಕಾಶವಾಣಿಯ ಯಾವ ಕೇಂದ್ರದಲ್ಲಿಯೂ ಹಾರ್ಮೋನಿಯಂ ನುಡಿಸಕೂಡದೆಂದು ಅಪ್ಪಣೆಯಾಯಿತು. ಇದರ ಹಿನ್ನೆಲೆಯನ್ನು ತಿಳಿಯಬೇಕಾದರೆ ಪೇಟಿಯ ಜಾತಕವನ್ನು ತೆಗೆಯಬೇಕು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ ಎಂಬಾತ 1842ರಲ್ಲಿ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಹಕ್ಕುಪತ್ರ ಪಡೆದ. ಅದು ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿಯೊತ್ತಿ ಎರಡು ಕೈಯಿಂದ ನುಡಿಸುವ ವಾದ್ಯ. ಪಾದ್ರಿಗಳೊಡನೆ ಭಾರತಕ್ಕೆ ಬಂತು. ಕಲಕತ್ತೆಯ ದ್ವಾರಕಾನಾಥ ಘೋಷ್ 1875ರ ಸುಮಾರಿಗೆ ಅದರ ಕಾಲು ಕತ್ತರಿಸಿ, ತಿದಿಯನ್ನು ಬೆನ್ನಿಗೆ ಕೂಡಿಸಿ, ನೆಲದ ಮೇಲೆ ಕುಳಿತು ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದು ಕೈಯಿಂದ ನುಡಿಸುವಂತೆ ಮಾಡಿದರು. ಒಂದೇ ಎಳೆಯ ಸ್ವರಸಂಚಾರವೇ ಪ್ರಾಣವಾದ ಸಂಗೀತಕ್ಕೆ ಎರಡನೆಯ ಕೈಯ ಅವಶ್ಯಕತೆಯೇ ಇರಲಿಲ್ಲ. ಐವತ್ತು ವರ್ಷಗಳಲ್ಲಿ ಅದು ಕೀರ್ತನಕಾರನ ಮುಂದೆ, ಭಜನಿ ಮಂಡಳಿಯಲ್ಲಿ, ಗುರುದ್ವಾರದಲ್ಲಿ, ಕವಾಲಿಯಲ್ಲಿ, ತವಾಯಫರ ಕೋಠಿಯಲ್ಲಿ ಎಲ್ಲೆಲ್ಲಿಯೂ ನೆಲಸಿಬಿಟ್ಟಿತು. ಇಷ್ಟು ಬೇಗ ಇಷ್ಟು ಜಾತಿಯ ಮನೆಗಳಲ್ಲಿ ನೀರು ಕುಡಿದ ಪರದೇಶಿ ಬೇರೊಬ್ಬನಿಲ್ಲ.

ವಿರೋಧಿಗಳ ಆಕ್ಷೇಪಣೆ ಹುರುಳಿಲ್ಲದ್ದೇನೂ ಆಗಿರಲಿಲ್ಲ. ಪೇಟಿಯಲ್ಲಿ ಒಂದು ಸಪ್ತಕಕ್ಕೆ ಏಳು ಬಿಳಿ, ಐದು ಕರಿ, ಒಟ್ಟು ಹನ್ನೆರಡು ಪಟ್ಟಿಗಳು. ಪಟ್ಟಿಪಟ್ಟಿಗೂ ಸಮಾನ ಅಂತರ. ಸಪ್ತಕವನ್ನು 1200 ಭಾಗ ಮಾಡಿದರೆ ಪ್ರತಿಯೊಂದು ಪಟ್ಟಿಯ ಪಾಲಿಗೆ ಸರಿಯಾಗಿ 100. ತಂಬೂರಿಯ ಖರ್ಜದ ತಂತಿಯಿಂದ ತಾನಾಗಿ ಹೊಮ್ಮುವ ಶುದ್ಧ ಗಾಂಧಾರ ಈ ಲೆಕ್ಕದಲ್ಲಿ ಸುಮಾರು 386ರ ಮೇಲೆ ಇರುತ್ತದೆ. ಪೇಟಿಯ ಗಾಂಧಾರ 400ರ ಮೇಲೆ. ಈ 14ರ ಅಂತರ ಸಾಮಾನ್ಯ ಕಿವಿಗೆ ಏನೂ ಅಲ್ಲ, ಪಳಗಿದ ಕಿವಿಗೆ ಕಣ್ಣಿನೊಳಗಿನ ಕಸ. ಎರಡನೆಯ ದೋಷ ಇನ್ನೂ ದೊಡ್ಡದು. ಒಂದು ಸ್ವರದಿಂದ ಇನ್ನೊಂದಕ್ಕೆ ಮುರಿಯದೆ ಜಾರುವ ಮೀಂಡು ಪೇಟಿಯಲ್ಲಿ ಅಸಾಧ್ಯ. ಮೆಟ್ಟಿಲು ಇಳಿಯಬಹುದೇ ಹೊರತು ಇಳಿಜಾರಿನಲ್ಲಿ ಜಾರಲಾಗದು.

ಈ ದೋಷವನ್ನು ಪರಿಹರಿಸಲು ಮೊದಲು ಹೆಣಗಿದವರೂ ಇದೇ ಸೀಮೆಯವರೆಂಬುದು ಮರೆತುಹೋದ ಸಂಗತಿ. ಸಾಂಗಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ ಕೃಷ್ಣಾಜಿ ಬಲ್ಲಾಳ ದೇವಲರು 22 ಶ್ರುತಿಗಳನ್ನು ಅಳೆಯುವ ಹಟ ತೊಟ್ಟು 1910ರಲ್ಲಿ ಗ್ರಂಥ ಪ್ರಕಟಿಸಿದರು. ಕ್ಲೆಮೆಂಟ್ಸ್ ಎಂಬ ಇಂಗ್ಲಿಷ್ ನ್ಯಾಯಾಧೀಶರು ಅವರಿಗೆ ಜತೆಯಾದರು. ಅಳತೆಗೆ ಕಂಠ ಕೊಟ್ಟವರು ಮಿರಜಿನ ಅಬ್ದುಲ್ ಕರೀಮ ಖಾನರು. ಲಂಡನ್ನಿನಲ್ಲಿ ಶ್ರುತಿ ಹಾರ್ಮೋನಿಯಂ ಒಂದನ್ನು ಮಾಡಿಸಿದ್ದೂ ಆಯಿತು. 1916ರ ಬಡೋದೆಯ ಸಂಗೀತ ಪರಿಷತ್ತಿನಲ್ಲಿ ಅದನ್ನು ಮುಂದಿಟ್ಟಾಗ ಪಂಡಿತರಲ್ಲಿ ವಾದ ಎದ್ದಿತು. ವಾದ್ಯ ಮಾತ್ರ ಬಳಕೆಗೆ ಬರಲಿಲ್ಲ. ಅಷ್ಟೊಂದು ಪಟ್ಟಿಗಳ ನಡುವೆ ಬೆರಳು ಓಡುವುದಾದರೂ ಹೇಗೆ?

ಬಹಿಷ್ಕಾರದ ಕಥೆ ಒಂದು ವಿಚಿತ್ರ ಕೂಟದ ಕಥೆ. ದಿಲ್ಲಿ ಆಕಾಶವಾಣಿಯಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಆಂಗ್ಲ ಸಂಗೀತಕಾರ ಜಾನ್ ಫೌಲ್ಡ್ಸ್ 1938ರಲ್ಲಿ ಪೇಟಿಯನ್ನು ಹೀನಾಯವಾಗಿ ಹಳಿದು ಲೇಖನ ಬರೆದ. ಮರುವರ್ಷವೇ ಕಲಕತ್ತೆಯಲ್ಲಿ ತೀರಿಕೊಂಡುದರಿಂದ ತನ್ನ ಲೇಖನದ ಫಲವನ್ನು ಆತ ಕಾಣಲಿಲ್ಲ. ರವೀಂದ್ರನಾಥ ಠಾಕೂರರು 1940ರ ಜನವರಿಯಲ್ಲಿ ಕಲಕತ್ತೆಯ ಕೇಂದ್ರಕ್ಕೆ ಪತ್ರ ಬರೆದು ಪೇಟಿಯನ್ನು ಹೊರಹಾಕಬೇಕೆಂದು ಕೋರಿದರು. ನಿಲಯಗಳ ಮುಖ್ಯಾಧಿಕಾರಿ ಲಯನೆಲ್ ಫೀಲ್ಡನ್ನನಿಗೂ ಅದು ಬೇಡವಾಗಿತ್ತು. ಆಂಗ್ಲರಿಗೆ ಅದು ಭಾರತೀಯತೆಗೆ ಕುಂದು. ರಾಷ್ಟ್ರೀಯವಾದಿಗಳಿಗೆ ಪರದೇಶದ ಕಸ. ಪರಸ್ಪರ ಒಪ್ಪದ ಇಬ್ಬರು ಒಂದು ವಿಷಯದಲ್ಲಿ ಮಾತ್ರ ಒಪ್ಪಿದರು, ಏಟು ಬಿದ್ದದ್ದು ಪೇಟಿಗೆ. ಸ್ವಾತಂತ್ರ್ಯ ಬಂದರೂ ಅಪ್ಪಣೆ ಬದಲಾಗಲಿಲ್ಲ. 1952ರಿಂದ ಹತ್ತು ವರ್ಷ ಪ್ರಸಾರ ಖಾತೆಯ ಮಂತ್ರಿಗಳಾಗಿದ್ದ ಬಾ. ವಿ. ಕೇಸಕರರ ಕಾಲದಲ್ಲಂತೂ ಬದಲಾಗುವ ಸಂಭವವೇ ಇರಲಿಲ್ಲ.

ಬಿಜಾಪುರೆಯವರ ಬದುಕಿನ ಮೇಲೆ ಇದನ್ನಿಟ್ಟು ನೋಡಿದರೆ ಅರ್ಥವಾಗುತ್ತದೆ. ಅಪ್ಪಣೆಯಾದಾಗ ಅವರಿಗೆ ಇಪ್ಪತ್ಮೂರು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿಯ ನಿಲಯ ತೆರೆಯಿತು. ಅವರಿಗೆ ಮೂವತ್ಮೂರು ತುಂಬಿ ಒಂದು ದಿನವಾಗಿತ್ತು. ಉತ್ತರ ಕರ್ನಾಟಕದ ಗಾಯಕರಿಗೆಲ್ಲ ಆ ನಿಲಯ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟಿತು. ಹಿಂದಿನ ರಾತ್ರಿ ಬೆಳಗಾವಿಯ ಸಭೆಯಲ್ಲಿ ಎಡಗಡೆಗೆ ಕುಳಿತು ಸಾಥ್ ಕೊಟ್ಟ ಪೇಟಿಯವನು ಮರುದಿನ ಅದೇ ಗಾಯಕರೊಡನೆ ಧಾರವಾಡದ ನಿಲಯದ ಬಾಗಿಲು ದಾಟುವಂತಿರಲಿಲ್ಲ. ಒಳಗೆ ಸಾರಂಗಿಗೆ, ವಾಯಲಿನ್ನಿಗೆ ಸ್ಥಾನ, ಪೇಟಿಗೆ ಇಲ್ಲ. ಮನುಷ್ಯನಿಗೆ ಅಸ್ಪೃಶ್ಯತೆಯನ್ನು ಕಾಯಿದೆಯಿಂದ ತೆಗೆದುಹಾಕಿದ ದೇಶ ಒಂದು ಮರದ ಪೆಟ್ಟಿಗೆಯ ಪಾಲಿಗೆ ಅದನ್ನು ಕಾಯಿದೆಯಿಂದಲೇ ಕಾಪಾಡಿಕೊಂಡಿತ್ತು.

ಇಂಥ ಸ್ಥಿತಿಯಲ್ಲಿ ಬೇರೆ ಯಾರಾದರೂ ವಾಯಲಿನ್ ಹಿಡಿಯುತ್ತಿದ್ದರು, ಇಲ್ಲವೆ ಗಾಯನಕ್ಕೆ ತಿರುಗುತ್ತಿದ್ದರು. ಗಾಯನದ ಪಾಠವಂತೂ ಬಿಜಾಪುರೆಯವರಿಗೆ ಆಗಿಯೇ ಇತ್ತು. ಅವರು ಪೇಟಿಯನ್ನು ಬಿಡಲಿಲ್ಲ. ಆಕ್ಷೇಪಣೆಗೆ ಉತ್ತರವನ್ನು ಲೇಖನದಲ್ಲಿ ಹುಡುಕದೆ ಬೆರಳಿನಲ್ಲಿ ಹುಡುಕಿದರು.

ಆ ಉತ್ತರದ ಸ್ವರೂಪವನ್ನು ಸ್ವಲ್ಪ ವಿವರಿಸಬೇಕು. ಮೀಂಡು ಸಾಧ್ಯವಿಲ್ಲ, ನಿಜ. ಆದರೆ ಕಿವಿಯನ್ನು ನಂಬಿಸುವ ದಾರಿಗಳಿವೆ. ಮುಂದಿನ ಸ್ವರವನ್ನು ಒತ್ತುವ ಮೊದಲೇ ಹಿಂದಿನದರ ಗಾಳಿಯನ್ನು ಎಳ್ಳಷ್ಟು ಸಡಿಲಿಸಬೇಕು. ನಡುವಿನ ಸ್ವರಕ್ಕೆ ಬೆರಳ ತುದಿಯನ್ನು ತಾಗಿಸಿ ತೆಗೆಯಬೇಕು, ಅದು ಕೇಳಿಸಿದಂತೆಯೂ ಇರಬೇಕು, ಕೇಳಿಸದಂತೆಯೂ ಇರಬೇಕು. ಇದಕ್ಕೆ ಕಣ ಎನ್ನುತ್ತಾರೆ. ಇದರಲ್ಲಿ ಬಲಗೈಗಿಂತ ಎಡಗೈಯ ಪಾತ್ರ ಹಿರಿದು. ನೋಡುವವರು ಓಡುವ ಬೆರಳುಗಳನ್ನು ನೋಡುತ್ತಾರೆ. ತಿಳಿದವರು ತಿದಿಯನ್ನು ನೋಡುತ್ತಾರೆ. ಬಡಬಡನೆ ತಿದಿ ಬಡಿಯುವವನ ಪೇಟಿ ಕಿರಿಚುತ್ತದೆ. ಗಾಯಕನ ಉಸಿರಿನ ಜತೆಗೆ ಉಸಿರಾಡುವಂತೆ ಗಾಳಿ ತುಂಬುವವನ ಪೇಟಿ ಹಾಡುತ್ತದೆ. ಹೊಂದದ ಸ್ವರ ಬಂದ ಕಡೆ ಅದರ ಮೇಲೆ ನಿಲ್ಲದೆ ಜಾರಿಕೊಳ್ಳುವುದು, ಗಾಯಕರು ಸೂಕ್ಷ್ಮವಾದ ಕೋಮಲ ರಿಷಭದ ಮೇಲೆ ನಿಂತಾಗ ತಾನು ಷಡ್ಜಕ್ಕೆ ಸರಿದು ಸುಮ್ಮನಾಗುವುದು, ಇವೂ ವಿದ್ಯೆಯೇ. ಎಲ್ಲಿ ನುಡಿಸಬಾರದೆಂಬುದು ಎಲ್ಲಿ ನುಡಿಸಬೇಕೆಂಬುದಕ್ಕಿಂತ ತಡವಾಗಿ ಬರುತ್ತದೆ.

ಇನ್ನೂ ಒಂದು ತೊಡಕಿದೆ. ಗಾಯಕರು ಒಬ್ಬೊಬ್ಬರೂ ಒಂದೊಂದು ಶ್ರುತಿಯಿಂದ ಹಾಡುತ್ತಾರೆ. ಒಬ್ಬರಿಗೆ ಕರಿ ಒಂದು ಷಡ್ಜವಾದರೆ ಇನ್ನೊಬ್ಬರಿಗೆ ಕರಿ ಎರಡು, ಮತ್ತೊಬ್ಬರಿಗೆ ಬಿಳಿ ನಾಲ್ಕು. ಷಡ್ಜ ಸರಿದರೆ ಇಡೀ ರಾಗದ ಬೆರಳ ನಡೆಯೇ ಬದಲಾಗುತ್ತದೆ. ಒಂದೇ ಯಮನನ್ನು ಹನ್ನೆರಡು ಬಗೆಯಲ್ಲಿ ಕೈಗೆ ಕಲಿಸಬೇಕು. ಗಂಗೂಬಾಯಿ ಹಾನಗಲ್ಲರಂತೂ ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಡಸರ ಶ್ರುತಿಗೆ ಇಳಿದವರು. ಘರಾಣೆಗಳ ಭೇದ ಬೇರೆ. ಕಿರಾಣಾದವರು ಒಂದು ಸ್ವರದ ಮನೆ ಬಾಗಿಲಲ್ಲಿ ಐದು ನಿಮಿಷ ನಿಲ್ಲುತ್ತಾರೆ. ಅಲ್ಲಿ ಸಾಥ್ ಕೊಡುವವನಿಗೆ ತಾಳ್ಮೆ ಬೇಕು. ಮಲ್ಲಿಕಾರ್ಜುನ ಮನಸೂರರಂಥ ಜಯಪುರ ಘರಾಣೆಯವರು ಶಿವಮತ ಭೈರವ, ಬಹಾದುರಿ ತೋಡಿ ಎಂದು ಅಪರೂಪದ ರಾಗ ಎತ್ತಿ, ಹೆಸರನ್ನೂ ಹೇಳದೆ, ಸುತ್ತು ಸುತ್ತಾಗಿ ತಾನು ಹೆಣೆಯುತ್ತ ಸಮ್ಮಿಗೆ ಬಂದು ಬೀಳುತ್ತಾರೆ. ಅಲ್ಲಿ ರಾಗಜ್ಞಾನವೇ ಬೇಕು. ಕುಮಾರ ಗಂಧರ್ವರು ಎಲ್ಲಿ ತಿರುಗುವರೆಂಬುದನ್ನು ಯಾವ ಪುಸ್ತಕವೂ ಹೇಳಲಾರದು. ವಝೆಬುವಾ ಅವರಿಂದ ಮೊದಲ್ಗೊಂಡು ಮನಸೂರ, ಗಂಗೂಬಾಯಿ, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ ಇವರೆಲ್ಲರ ಎಡಗಡೆಗೆ ಬಿಜಾಪುರೆ ಮಾಸ್ತರರು ಕುಳಿತರೆಂದರೆ ಒಬ್ಬ ಮನುಷ್ಯ ಎಷ್ಟು ವಿದ್ಯೆಯನ್ನು ಕಿವಿಯಲ್ಲಿ ಹೊತ್ತಿರಬೇಕು! ಗಾಯಕರಿಗೆ ತಮ್ಮ ಘರಾಣೆಯೊಂದು ತಿಳಿದರೆ ಸಾಕು. ಪೇಟಿಯವನಿಗೆ ಎಲ್ಲರದೂ ತಿಳಿದಿರಬೇಕು, ತಿಳಿದದ್ದನ್ನು ತೋರಿಸಿಕೊಳ್ಳದೆಯೂ ಇರಬೇಕು.

1970ರಲ್ಲಿ ದಿಲ್ಲಿಯಲ್ಲಿ ಪೇಟಿಯ ವಿಷಯವಾಗಿಯೇ ಒಂದು ವಿಚಾರಗೋಷ್ಠಿ ನಡೆದು, 1971ರಲ್ಲಿ ಆಕಾಶವಾಣಿ ತನ್ನ ಅಪ್ಪಣೆಯನ್ನು ಸಡಿಲಿಸಿತು. ಮೇಲ್ದರ್ಜೆಯ ಕಲಾವಿದರು ಪಕ್ಕವಾದ್ಯವಾಗಿ ಪೇಟಿಯನ್ನು ಇಟ್ಟುಕೊಳ್ಳಬಹುದೆಂದಾಯಿತು. ಪೇಟಿಯೊಂದನ್ನೇ ನುಡಿಸುವ ಸ್ವತಂತ್ರ ವಾದನಕ್ಕೆ ಮಾತ್ರ ಮತ್ತೂ ಹಲವು ದಶಕಗಳ ಕಾಲ ಬಾಗಿಲು ತೆರೆಯಲಿಲ್ಲ. ಮಾಸ್ತರರಿಗೆ ಆಗ ಐವತ್ನಾಲ್ಕು. ಕಲಾವಿದನೊಬ್ಬನ ಕೈಗೆ ಅತ್ಯಂತ ಕಸುವಿರುವ ಮೂವತ್ತೊಂದು ವರ್ಷಗಳು ಹೊರಗೇ ಕಳೆದುಹೋಗಿದ್ದವು. ಆ ವರ್ಷಗಳ ಅವರ ವಾದನವನ್ನು ಯಾವ ನಿಲಯದ ಭಂಡಾರದಲ್ಲಿ ಹುಡುಕಿದರೂ ಸಿಕ್ಕುವಂತಿಲ್ಲ. ಕೇಳಿದವರ ನೆನಪಿನಲ್ಲಿ ಇದ್ದದ್ದು ಕೇಳಿದವರೊಡನೆ ಹೋಯಿತು.

ವಿಧಿಯ ವಿನೋದ ನೋಡಿ. ಪೇಟಿಗೆ ಮೀಂಡು ಬಾರದೆಂದು ಇಲ್ಲಿ ಗೋಷ್ಠಿ ಸೇರಿದ್ದ ವರ್ಷವೇ, 1970ರಲ್ಲಿ, ಅಮೆರಿಕದಲ್ಲಿ ಮಿನಿಮೂಗ್ ಎಂಬ ವಿದ್ಯುತ್ ವಾದ್ಯ ಮಾರಾಟಕ್ಕೆ ಬಂತು. ಅದಕ್ಕೂ ಇವೇ ಬಿಳಿ ಕರಿ ಪಟ್ಟಿಗಳು. ಆದರೆ ಎಡಗೈಗೆ ತಿದಿಯ ಬದಲು ಒಂದು ಚಕ್ರ. ಅದನ್ನು ತಿರುವಿದರೆ ಸ್ವರ ಬಾಗುತ್ತದೆ, ಜಾರುತ್ತದೆ. ಬರ್ನಿ ವೊರೆಲ್ (1944–2016) ಎಂಬ ಕರಿಯ ಕಲಾವಿದ ಇದನ್ನು ಫಂಕ್ ಎಂಬ ಕುಣಿತದ ಸಂಗೀತಕ್ಕೆ ತಂದ. ಎಳವೆಯಲ್ಲಿಯೇ ಪಿಯಾನೋದ ಶಾಸ್ತ್ರೀಯ ಪಾಠ ಮುಗಿಸಿ ಬೋಸ್ಟನ್ನಿನ ಸಂಗೀತ ವಿದ್ಯಾಲಯದಲ್ಲಿ ಓದಿದವ. ಜಾರ್ಜ್ ಕ್ಲಿಂಟನ್ನನ ‘ಪಾರ್ಲಮೆಂಟ್’ ತಂಡದಲ್ಲಿ ಪಟ್ಟಿಗಳ ಹಿಂದೆ ನಿಂತು, 1978ರಲ್ಲಿ ಹೊರಬಂದ ‘ಫ್ಲ್ಯಾಷ್ ಲೈಟ್’ ಹಾಡಿನಲ್ಲಿ ತಂತಿವಾದ್ಯ ಮಾಡಬೇಕಾದ ಮಂದ್ರದ ಕೆಲಸವನ್ನು ಮೂಗ್‌ನಿಂದಲೇ ಮಾಡಿ ತೋರಿಸಿದ. ಹಾಡಿನ ಹೆಸರು ತಿಳಿದವರು ಕೋಟಿಗಟ್ಟಲೆ, ನುಡಿಸಿದವನ ಹೆಸರು ತಿಳಿದವರು ಅದರಲ್ಲಿ ಎಷ್ಟು ಮಂದಿ? ಕಾಗವಾಡದ ಮಾಸ್ತರರಿಗೂ ಆ ನ್ಯೂಜೆರ್ಸಿಯವನಿಗೂ ಸಂಗೀತದಲ್ಲಿ ಯಾವ ಸಂಬಂಧವೂ ಇಲ್ಲ, ಆಸನದಲ್ಲಿ ಇದೆ.

ಆ ಗಾಳಿ ಕೃಷ್ಣಾತೀರಕ್ಕೂ ಬೀಸಿತು. 1980ರಲ್ಲಿ ‘ಕುರ್ಬಾನಿ’ ಚಿತ್ರಕ್ಕಾಗಿ ಡಿಸ್ಕೋ ಹಾಡನ್ನು ಕಟ್ಟಿಕೊಟ್ಟ ಬಿಡ್ಡು ಅಪ್ಪಯ್ಯನವರು ಬೆಂಗಳೂರಿನಲ್ಲಿ ಹುಟ್ಟಿ ಲಂಡನ್ನಿಗೆ ಹೋದವರು. ಎರಡು ವರ್ಷಕ್ಕೆ ‘ಡಿಸ್ಕೋ ಡ್ಯಾನ್ಸರ್’ ಬಂತು. ಆಮೇಲೆ ಜಾತ್ರೆಗಳಲ್ಲಿ, ಲಗ್ನದ ಮೆರವಣಿಗೆಗಳಲ್ಲಿ ‘ಆರ್ಕೆಸ್ಟ್ರಾ’ ಹುಟ್ಟಿಕೊಂಡಿತು; ನಾಟಕ ಕಂಪನಿಯ ಡೇರೆ ಮಡಿಸಿದ ಜಾಗದಲ್ಲಿ ಕೀಬೋರ್ಡು ಎದ್ದುನಿಂತಿತು. ಗುಂಡಿಯೊತ್ತಿದರೆ ಅದೇ ಕೊಳಲು, ಅದೇ ತಬಲಾ, ಅದೇ ಹಾರ್ಮೋನಿಯಂ. ಕಂಪನಿಗಳ ಪೇಟಿ ಮಾಸ್ತರರಲ್ಲಿ ಅನೇಕರಿಗೆ ಇದರಿಂದ ಹೊಟ್ಟೆಯ ಮೇಲೆ ಪೆಟ್ಟು ಬಿತ್ತು. ಅರುವತ್ತು ದಾಟಿದ್ದ ಬಿಜಾಪುರೆಯವರು ಆ ಹೊತ್ತಿಗೆ ಬೇರೊಂದು ದಾರಿಯಲ್ಲಿ ಬಹಳ ದೂರ ಹೋಗಿದ್ದರು.

ಆ ದಾರಿ ಸ್ವತಂತ್ರ ವಾದನದ್ದು. ಎಡಗಡೆಯ ಪೇಟಿಯನ್ನು ನಡುವೆ ಇಟ್ಟು, ಖ್ಯಾಲದ ಅಂಗದಲ್ಲಿಯೇ ರಾಗವನ್ನು ಮೆಲ್ಲಮೆಲ್ಲನೆ ಬಿಡಿಸುವ ಪದ್ಧತಿ. ಬಂದಿಶಿನ ಮಾತು ಕೇಳಿಸದಿದ್ದರೂ ಎಲ್ಲಿ ಮಾತು ಒಡೆಯುತ್ತದೆ, ಎಲ್ಲಿ ಉಸಿರು ನಿಲ್ಲುತ್ತದೆ ಎಂಬುದು ಕೇಳುಗನಿಗೆ ತಿಳಿಯಬೇಕು. ಕಂಪನಿ ನಾಟಕದ ಪದಗಳ ನೆನಪು, ವಝೆಬುವಾ ಅವರ ಅಪರೂಪದ ರಾಗಗಳು, ನೂರಾರು ಗಾಯಕರ ಪಕ್ಕದಲ್ಲಿ ಕುಳಿತು ಕಿವಿಗೆ ಬಿದ್ದ ತಿರುವುಗಳು, ಎಲ್ಲವೂ ಅದರೊಳಗೆ ಇಳಿದಿದ್ದವು. ಪೇಟಿಯ ದೋಷಗಳು ಮಾಯವಾದವೆಂದಲ್ಲ. ಗಾಂಧಾರ 400ರ ಮೇಲೆಯೇ ಇತ್ತು. ಶ್ರುತಿಶಾಸ್ತ್ರದ ಕಟ್ಟಾ ಅಭಿಮಾನಿಗಳು ಅವರ ವಾದನವನ್ನು ಕೇಳಿಯೂ ತಮ್ಮ ಆಕ್ಷೇಪಣೆಯನ್ನು ಹಿಂತೆಗೆದುಕೊಳ್ಳಬೇಕಾದ ಕಾರಣವಿಲ್ಲ, ಮತ್ತು ಅವರ ಮಾತಿನಲ್ಲಿ ಸತ್ಯವಿದೆ. ಆದರೆ ಒಂದು ಸತ್ಯ ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಹಳ್ಳಿಯ ಭಜನಿ ಮಂಡಳಿಗೆ ಸ್ವರ ಹಿಡಿದುಕೊಟ್ಟದ್ದು ತಂಬೂರಿಯ 386 ಅಲ್ಲ, ಪೇಟಿಯ 400.

ಪ್ರಶಸ್ತಿಗಳು ಬಂದವು, ತಡವಾಗಿ. ಅವುಗಳ ಪಟ್ಟಿ ಇಲ್ಲಿ ಬೇಡ. ಹೇಳಬೇಕಾದದ್ದು ವಿದ್ಯಾಲಯದ ವಿಷಯ. 1938ರಲ್ಲಿ ಬೆಳಗಾವಿ ಮುಂಬಯಿ ಪ್ರಾಂತದಲ್ಲಿತ್ತು; 1956ರ ನವೆಂಬರ್ 1ರಂದು ಕನ್ನಡ ರಾಜ್ಯಕ್ಕೆ ಸೇರಿತು; ಆ ಬಳಿಕ ಗಡಿಯ ಹೆಸರಿನಲ್ಲಿ ಬೀದಿಯಲ್ಲಿ ನಡೆದುದೆಲ್ಲವೂ ವಾಚಕರಿಗೆ ಗೊತ್ತು. ಆ ಎಲ್ಲ ವರ್ಷಗಳಲ್ಲಿ ಮಾಸ್ತರರ ಮುಂದೆ ಕನ್ನಡದ ಮಕ್ಕಳೂ ಮರಾಠಿಯ ಮಕ್ಕಳೂ ಒಂದೇ ಜಮಖಾನೆಯ ಮೇಲೆ ಕುಳಿತು ಸಾ ಹಿಡಿದರು. ಬಂದಿಶಿನ ಭಾಷೆ ಬ್ರಜ. ಅದು ಇಬ್ಬರಿಗೂ ಸಮನಾಗಿ ಪರಭಾಷೆ, ಆದುದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ.

2010ರ ನವೆಂಬರ್ 19ರಂದು, ತೊಂಬತ್ಮೂರನೆಯ ವಯಸ್ಸಿನಲ್ಲಿ, ರಾಮಭಾವು ಬಿಜಾಪುರೆ ತೀರಿಕೊಂಡರು. ಮನಸೂರರು, ಕುಮಾರರು, ರಾಜಗುರುಗಳು, ಗಂಗೂಬಾಯಿಯವರು ಮೊದಲೇ ಹೋಗಿದ್ದರು. ಎರಡು ತಿಂಗಳು ಕಳೆದ ಮೇಲೆ, 2011ರ ಜನವರಿಯಲ್ಲಿ, ಭೀಮಸೇನರೂ ಹೋದರು. ಅವರ ಶಿಷ್ಯರಲ್ಲಿ ಸುಧಾಂಶು ಕುಲಕರ್ಣಿಯವರು ಬೆಳಗಾವಿಯಲ್ಲಿ, ರವೀಂದ್ರ ಕಾಟೋಟಿಯವರು ಬೆಂಗಳೂರಿನಲ್ಲಿ ಪೇಟಿಯ ಪಾಠವನ್ನು ಮುಂದುವರಿಸಿದರು. 2018ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಹಾರ್ಮೋನಿಯಂ ಒಂದಕ್ಕಾಗಿಯೇ ಜಾಗತಿಕ ಸಮಾವೇಶವೊಂದು ಕೂಡಿತು. ದೇಶದ ಮೂಲೆಮೂಲೆಯ ಪೇಟಿಯವರು ಬಂದರು. ಹಿಂದೊಮ್ಮೆ ದಿಲ್ಲಿಯಲ್ಲಿ ಗೋಷ್ಠಿ ಸೇರಿದ್ದು ಈ ವಾದ್ಯ ಇರಬೇಕೇ ಬೇಡವೇ ಎಂದು ತೀರ್ಮಾನಿಸುವುದಕ್ಕೆ. ಈ ಸಲ ಯಾರೂ ಆ ಪ್ರಶ್ನೆಗಾಗಿ ಬಂದಿರಲಿಲ್ಲ, ನುಡಿಸುವುದಕ್ಕೆ ಬಂದಿದ್ದರು.